ನಮ್ಮ ಮೀಟರಿಗೆ ಸೀಲು, ಅವರ ಬಿಲ್ಲಿಗೆ?

ಮುಂಬಯಿಯಲ್ಲಿ ಬಾಡಿಗೆ ಮೋಟಾರು ಓಡಿಸುವವನ ದುಡಿಮೆಗೆ ಸರಕಾರ ಮೀಟರು ಕಟ್ಟಿದೆ. ಆ ಮೀಟರಿಗೆ ಸೀಲು ಉಂಟು, ಪರೀಕ್ಷೆ ಉಂಟು, ಹೆಚ್ಚು ಕೇಳಿದರೆ ದೂರು ಉಂಟು, ದಂಡ ಉಂಟು. ಇರಲಿ, ಗಿರಾಕಿಗೆ ಮೋಸವಾಗಬಾರದು. ಆದರೆ ಅದೇ ಮೋಟಾರು ಕಂಪೆನಿಯ ಡೀಲರನ ಸರ್ವಿಸ್ ಸ್ಟೇಷನ್ನಿನ ಗೇಟು ದಾಟಿತೋ, ಅಲ್ಲಿ ಮೀಟರೂ ಇಲ್ಲ, ಸೀಲೂ ಇಲ್ಲ. ಬೆಳಿಗ್ಗೆ ಕೀಲಿಕೈ ಇಸಕೊಳ್ಳುವಾಗ ಮೂರು ಸಾವಿರ ಎಂದ ಬಾಯಿ ಸಂಜೆಗೆ ಒಂಬತ್ತು ಸಾವಿರ ಎನ್ನುತ್ತದೆ. ಏಕೆಂದು ಕೇಳಿದರೆ ಇಂಗ್ಲಿಷಿನಲ್ಲಿ ಅಚ್ಚಾದ ಮೂರು ಹಾಳೆ ಕೈಗೆ ಬರುತ್ತವೆ. ನಮ್ಮವನು ಸಹಿ ಹಾಕುತ್ತಾನೆ. ಹಾಕದಿದ್ದರೆ ಗಾಡಿ ಹೊರಗೆ ಬರುವುದಿಲ್ಲ. ಗಾಡಿ ಬರದಿದ್ದರೆ ನಾಳೆಯ ದುಡಿಮೆ ಇಲ್ಲ.

ಹೋಟೆಲು, ಗಿರಣಿ ಕಾಮಗಾರರ ಪತ್ರಿಕೆಯಲ್ಲಿ ಕಾರಿನ ಮಾತು ಏಕೆ ಎಂದು ಕೆಲವರು ಕೇಳಿಯಾರು. ಕಾರೆಂದರೆ ಧಣಿಗಳ ಸೊತ್ತು ಎಂದು ಎಣಿಸುತ್ತಿದ್ದ ಕಾಲ ಹೋಯಿತು. 1982ರ ಜನವರಿ 18ರಂದು ತೊಡಗಿದ ಗಿರಣಿ ಮುಷ್ಕರದ ಬಳಿಕ ಗೇಟಿನ ಹೊರಗೆ ಉಳಿದ ಮನೆಗಳಲ್ಲಿ ಎಷ್ಟೋ ಮಂದಿ ರಿಕ್ಷಾದ ಹ್ಯಾಂಡಲು ಹಿಡಿದರು. ಅವರ ಮಕ್ಕಳೂ ಅದನ್ನೇ ಹಿಡಿದರು. ವಿಕ್ರೋಳಿಯ ಟಾಗೋರ್ ನಗರ, ಕನ್ನಮ್ವಾರ್ ನಗರ, ಪಾರ್ಕ್ ಸೈಟಿನ ಗಲ್ಲಿಗಳಲ್ಲಿ ರಾತ್ರಿ ಹನ್ನೊಂದರ ಮೇಲೆ ಒಮ್ಮೆ ನಡೆದು ನೋಡಿ. ಗೋಡೆಗೆ ಒತ್ತಿ ನಿಲ್ಲಿಸಿದ ಕಪ್ಪು-ಹಳದಿ ಗಾಡಿಗಳ ಸಾಲು ಮುಗಿಯುವುದಿಲ್ಲ. ಹತ್ತು ವರ್ಷ ಲೋಟ ತೊಳೆದು, ಟೇಬಲು ಒರೆಸಿ, ಬಿಡುವಿನಲ್ಲಿ ಡ್ರೈವಿಂಗು ಕಲಿತು, ಹೆಂಡತಿಯ ಕರಿಮಣಿಯೊಂದನ್ನು ಬಿಟ್ಟು ಉಳಿದ ಚಿನ್ನವನ್ನೆಲ್ಲ ಅಡವಿಟ್ಟು, ಕಂತಿನ ಮೇಲೆ ಒಂದು ವ್ಯಾಗನ್ ಆರ್ ಇಳಿಸಿದ ನಮ್ಮ ಹುಡುಗ ಧಣಿಯಾದನೆ? ಅವನೂ ಕಾಮಗಾರನೇ. ಕಂತು ಬ್ಯಾಂಕಿಗೆ, ಗ್ಯಾಸು ಪಂಪಿಗೆ, ಕಮಿಶನ್ನು ಮೊಬೈಲಿನ ಕಂಪೆನಿಗೆ ಕೊಟ್ಟು ಉಳಿದದ್ದು ಅವನ ಪಗಾರ. ಅದಕ್ಕೂ ಕೈ ಹಾಕುವವನು ಈ ಸರ್ವಿಸಿನ ಬಿಲ್ಲು ಬರೆಯುವವನು.

ಲೆಕ್ಕ ನೋಡಿ. 2022ರ ಅಕ್ಟೋಬರ್ 1ರಿಂದ ಟ್ಯಾಕ್ಸಿಯ ಕನಿಷ್ಠ ಭಾಡೆ 28 ರೂಪಾಯಿ ಇತ್ತು. ಎರಡು ವರ್ಷ ನಾಲ್ಕು ತಿಂಗಳು ಕಾದ ಮೇಲೆ, 2025ರ ಫೆಬ್ರವರಿ 1ರಂದು 31 ಆಯಿತು. ರಿಕ್ಷಾದ್ದು 23 ಇದ್ದದ್ದು 26. ಮೂರೇ ಮೂರು ರೂಪಾಯಿ! ಅದಕ್ಕೂ ಅರ್ಜಿ, ಸಭೆ, ಪ್ರಾಧಿಕಾರದ ಒಪ್ಪಿಗೆ. ಕೊನೆಗೆ ಮೀಟರು ತಿದ್ದಿಸುವ ಖರ್ಚೂ ಚಾಲಕನದೇ. ಬೆಳಿಗ್ಗೆಯ ಮೂರು ಸಾವಿರ ಸಂಜೆಗೆ ಒಂಬತ್ತು ಆದಾಗ ಏರಿದ್ದು ಆರು ಸಾವಿರ. 31ರ ಭಾಡೆಯಲ್ಲಿ ಆರು ಸಾವಿರ ಕೂಡಬೇಕಾದರೆ 194 ಸವಾರಿ ಬೇಕು, ಅದೂ ಗ್ಯಾಸಿಗೆ ಕಾಸು ಕೊಡದೆ. ಮೂರು ರೂಪಾಯಿಗೆ ಎರಡು ವರ್ಷ ಕಾಯಿಸುವ ಊರಿನಲ್ಲಿ ಆರು ಸಾವಿರ ಏರಿಸಲು ಒಂದು ಹಗಲು ಸಾಕು.

ಹಾಗೆಂದು ಸರ್ವಿಸೇ ಬೇಡ ಎಂದು ನಾವು ಹೇಳುತ್ತಿಲ್ಲ. ಎಣ್ಣೆ ಬದಲಿಸದೆ ಓಡಿಸಿ ದುಡ್ಡು ಉಳಿಸಿದೆ ಎನ್ನುವವನು ಮೂರ್ಖ. ಎಣ್ಣೆ ಲೋಹಕ್ಕೂ ಲೋಹಕ್ಕೂ ನಡುವೆ ನಿಂತು ತಿಕ್ಕಾಟ ತಡೆಯುತ್ತದೆ, ಕಾವು ಹೊರುತ್ತದೆ, ಕಿಟ್ಟವನ್ನು ಹಿಡಿದಿಟ್ಟುಕೊಳ್ಳುತ್ತದೆ. ಅದರ ಗುಣ ಮುಗಿದ ಮೇಲೂ ಓಡಿಸಿದರೆ ಇಂಜಿನು ಬಿಚ್ಚುವ ಖರ್ಚು ಹತ್ತು ಸರ್ವಿಸಿನ ಖರ್ಚನ್ನು ನುಂಗುತ್ತದೆ. ಪ್ರಶ್ನೆ ಸರ್ವಿಸು ಬೇಕೋ ಬೇಡವೋ ಎಂಬುದಲ್ಲ. ಯಾವಾಗ ಬೇಕು, ಏನೇನು ಬೇಕು, ಅದನ್ನು ಹೇಳುವವರು ಯಾರು?

ಹೇಳುವುದು ಪುಸ್ತಕ. ಗಾಡಿಯ ಡ್ಯಾಶಿನ ಪೆಟ್ಟಿಗೆಯಲ್ಲಿ ಪ್ಲಾಸ್ಟಿಕ್ಕಿನ ಚೀಲವನ್ನೂ ಬಿಚ್ಚದೆ ಇಟ್ಟಿರುವ ಪುಸ್ತಕ ಉಂಟಲ್ಲ, ಅದು. ಗಾಡಿ ಮಾಡಿದವರೇ ಬರೆದದ್ದು. ಮಾರುತಿಯ ಪುಸ್ತಕ ತೆಗೆಯಿರಿ: 1,000, 5,000, 10,000 ಕಿಲೋಮೀಟರಿಗೆ ಮೂರು ಫ್ರೀ ಸರ್ವಿಸು. ಆ ಬಳಿಕ 10,000 ಕಿಲೋಮೀಟರಿಗೊಮ್ಮೆ ಅಥವಾ ವರ್ಷಕ್ಕೊಮ್ಮೆ, ಯಾವುದು ಮೊದಲೋ ಅದು. ‘ಫ್ರೀ’ ಎಂದರೆ ಕೂಲಿ ಮಾತ್ರ ಫ್ರೀ, ಎಣ್ಣೆಗೂ ಫಿಲ್ಟರಿಗೂ ದುಡ್ಡು ಕೊಡಬೇಕು ಎಂಬುದೂ ನೆನಪಿರಲಿ. ಈಗ ನಿಮ್ಮ ಗಾಡಿಯ ಗಾಜಿಗೆ ಡೀಲರು ಅಂಟಿಸಿದ ಚೀಟಿ ನೋಡಿ. ಮುಂದಿನ ಸರ್ವಿಸು ಎಷ್ಟಕ್ಕೆ ಎಂದು ಬರೆದಿದೆ? ಐದು ಸಾವಿರಕ್ಕೆ ಎಂದಿದ್ದರೆ, ಪುಸ್ತಕದ ಯಾವ ಪುಟದ ಪ್ರಕಾರ ಎಂದು ಕೇಳಿದಿರಾ? ದಿನಕ್ಕೆ ನೂರು ಕಿಲೋಮೀಟರು, ತಿಂಗಳಿಗೆ ಇಪ್ಪತ್ತೈದು ದಿನ ಓಡುವ ಟ್ಯಾಕ್ಸಿ ವರ್ಷಕ್ಕೆ 30,000 ಓಡಿತು. ಪುಸ್ತಕದ ಲೆಕ್ಕಕ್ಕೆ ಮೂರು ಸರ್ವಿಸು. ಚೀಟಿಯ ಲೆಕ್ಕಕ್ಕೆ ಆರು. ಬಿಲ್ಲು ಮೂರು ಹೆಚ್ಚಾಯಿತು. ಗಾಡಿ ಒಳಗೆ ನಿಂತು ದುಡಿಮೆ ಹೋದ ದಿನಗಳೂ ಮೂರು ಹೆಚ್ಚಾದವು.

ಇಲ್ಲಿ ಡೀಲರಿಗೂ ಒಂದು ಮಾತು ಉಂಟು, ಅದನ್ನು ಮುಚ್ಚಿಡುವುದು ನ್ಯಾಯವಲ್ಲ. ಅದೇ ಪುಸ್ತಕದಲ್ಲಿ ಇನ್ನೊಂದು ಪುಟ ಉಂಟು: ಧೂಳಿನ ರಸ್ತೆ, ನಿಂತು ನಿಂತು ಸಾಗುವ ಓಡಾಟ ಇದ್ದರೆ ಕೆಲವು ಕೆಲಸಗಳನ್ನು ಬೇಗ ಮಾಡಿಸಿ ಎಂದು. ಮೆಟ್ರೋ ಕಂಬಗಳ ಕೆಲಸ ತೊಡಗಿದಂದಿನಿಂದ ಲಾಲ್ ಬಹಾದೂರ್ ಶಾಸ್ತ್ರಿ ಮಾರ್ಗದಲ್ಲಿ ಗಾಡಿ ಓಡಿಸಿದವನಿಗೆ ಧೂಳೆಂದರೇನು ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. 2025ರ ಜೂನಿನಲ್ಲಿ ವಿಕ್ರೋಳಿಯ ಮೇಲ್ಸೇತುವೆ ತೆರೆಯುವ ತನಕ ಪೂರ್ವದಿಂದ ಪಶ್ಚಿಮಕ್ಕೆ ಹೋಗಲು ಎಷ್ಟು ಸುತ್ತಬೇಕಿತ್ತು, ಎಷ್ಟು ಹೊತ್ತು ಇಂಜಿನು ನಿಂತಲ್ಲೇ ಉರಿಯುತ್ತಿತ್ತು ಎಂಬುದೂ ನಮಗೆ ಗೊತ್ತು. ಆದ್ದರಿಂದ ನಮ್ಮ ಗಾಡಿಗೆ ಎಣ್ಣೆ, ಏರ್ ಫಿಲ್ಟರು ಬೇಗ ಬೇಕಾದೀತು. ಬೇಕಾದರೆ ಅಷ್ಟನ್ನೇ ಮಾಡಲಿ. ಎಣ್ಣೆ ಬೇಗ ಬೇಕೆಂಬ ನೆವದಲ್ಲಿ ಎ.ಸಿ. ತೊಳೆಯುವುದು, ಅಡಿಗೆ ಬಣ್ಣ ಬಳಿಯುವುದು, ಇಂಜಿನಿಗೆ ಪಾಲಿಶು ಹೊಡೆಯುವುದು ಯಾವ ಪುಟದಲ್ಲಿ ಉಂಟು?

ಟಾಗೋರ್ ನಗರದಲ್ಲಿರುವ, ಕುಂದಾಪುರ ಕಡೆಯ ಒಬ್ಬ ತಮ್ಮ ಮೊನ್ನೆ ತನ್ನ ಬಿಲ್ಲು ತಂದು ನಮ್ಮೆದುರು ಬಿಡಿಸಿದ. ಡೀಲರನ ಹೆಸರು ಇಲ್ಲಿ ಬೇಡ. ಒಬ್ಬನ ಹೆಸರು ಹೇಳಿ ಉಳಿದವರನ್ನು ಸಾಧುಗಳನ್ನಾಗಿ ಮಾಡುವ ಮನಸ್ಸು ನಮಗಿಲ್ಲ. ಎಣ್ಣೆ, ಎಣ್ಣೆಯ ಫಿಲ್ಟರು ಇದ್ದವು, ಸರಿ. ಅದರ ಕೆಳಗೆ ಇಂಜಿನ್ ಫ್ಲಶ್, ಥ್ರಾಟಲ್ ಬಾಡಿ ಕ್ಲೀನಿಂಗ್, ಎ.ಸಿ. ಕ್ಲೀನಿಂಗ್, ಅಂಡರ್‌ಬಾಡಿ ಕೋಟಿಂಗ್. ಏರ್ ಫಿಲ್ಟರು ಬದಲಾಗಿತ್ತು, ಸ್ಪಾರ್ಕ್ ಪ್ಲಗ್ಗೂ ಬದಲಾಗಿತ್ತು. ನಾವು ಪುಸ್ತಕ ತೆಗೆದು ಪಕ್ಕದಲ್ಲಿಟ್ಟೆವು. ಪುಸ್ತಕದ ಕೋಷ್ಟಕದಲ್ಲಿ ಎರಡು ಅಕ್ಷರ ಉಂಟು. ‘ಐ’ ಎಂದರೆ ನೋಡು, ಕೊಳೆ ಇದ್ದರೆ ಶುಚಿ ಮಾಡು. ‘ಆರ್’ ಎಂದರೆ ಬದಲಿಸು. ಅವನ ಗಾಡಿ ಓಡಿದ್ದ ಕಿಲೋಮೀಟರಿನ ಎದುರು ಏರ್ ಫಿಲ್ಟರಿಗೆ ಇದ್ದದ್ದು ‘ಐ’. ‘ಐ’ಯನ್ನು ‘ಆರ್’ ಮಾಡಿದ್ದರು. ಬಂಧುಗಳೆ, ಡೀಲರನ ವ್ಯಾಪಾರದ ಗುಟ್ಟೆಲ್ಲ ಈ ಒಂದು ಅಕ್ಷರದಲ್ಲಿ ಉಂಟು. ಹಳೆಯ ಫಿಲ್ಟರು ಎಲ್ಲಿ ಎಂದು ತಮ್ಮನನ್ನು ಕೇಳಿದೆವು. ಅವನು ಕೇಳಿರಲಿಲ್ಲ, ಅವರು ಕೊಟ್ಟಿರಲಿಲ್ಲ. ಹೊಸದು ಹಾಕಿದ್ದಾರೆ ಎಂಬುದಕ್ಕಾದರೂ ಏನು ಸಾಕ್ಷಿ?

ಇನ್ನೊಂದು ಉಪಾಯ ಎಣ್ಣೆಯ ಕಡ್ಡಿ ತೋರಿಸುವುದು. ಬಾನೆಟ್ಟು ಎತ್ತಿ, ಕಡ್ಡಿ ಎಳೆದು, ‘ನೋಡಿ, ಎಷ್ಟು ಕಪ್ಪಾಗಿದೆ!’ ಎನ್ನುತ್ತಾರೆ. ಬೋಂಡಾ ಕರಿದ ಎಣ್ಣೆ ಕಪ್ಪಾದರೆ ಚೆಲ್ಲಬೇಕು ಎಂಬುದು ನಮ್ಮ ಅಡಿಗೆಮನೆಯ ಶಾಸ್ತ್ರ, ಆದ್ದರಿಂದ ಹೋಟೆಲಿನಿಂದ ಬಂದ ಹುಡುಗ ಕೂಡಲೆ ನಂಬುತ್ತಾನೆ. ಇಂಜಿನಿನ ಎಣ್ಣೆಯ ಶಾಸ್ತ್ರ ಬೇರೆ. ಅದರಲ್ಲಿ ಕೊಳೆ ಬಿಡಿಸುವ ಮದ್ದು ಬೆರೆಸಿರುತ್ತಾರೆ. ಕೊಳೆಯನ್ನು ಇಂಜಿನಿನ ಮೈಯಿಂದ ಬಿಡಿಸಿ ತನ್ನೊಳಗೆ ಹಿಡಿದಿಟ್ಟುಕೊಳ್ಳುವುದರಿಂದಲೇ ಅದು ಕಪ್ಪಾಗುತ್ತದೆ. ಕಪ್ಪಾದದ್ದು ಅದು ಕೆಲಸ ಮಾಡುತ್ತಿದೆ ಎಂಬುದರ ಗುರುತೂ ಆದೀತು. ಬಣ್ಣ ನೋಡಿ ಎಣ್ಣೆಯ ಆಯುಸ್ಸು ಹೇಳಲಾಗದು. ಕಿಲೋಮೀಟರು ನೋಡಿ, ತಿಂಗಳು ನೋಡಿ, ಪುಸ್ತಕದಲ್ಲಿ ಬರೆದ ನಂಬರಿನ ಎಣ್ಣೆಯೇ ಹೌದೋ ಎಂದು ಡಬ್ಬಿ ನೋಡಿ.

ಹೋಟೆಲಿನವರೇ, ನಿಮ್ಮನ್ನೇ ಕೇಳುತ್ತೇವೆ. ಗಿರಾಕಿ ಎರಡು ಇಡ್ಲಿ ಹೇಳಿದ್ದಾನೆ. ನೀವು ಅವನನ್ನು ಕೇಳದೆ ವಡೆ ಇಟ್ಟು, ಶೀರಾ ಇಟ್ಟು, ‘ಹೊಟ್ಟೆಗೆ ಒಳ್ಳೆಯದು’ ಎಂದು ಬಿಲ್ಲು ಬರೆದರೆ ಏನಾದೀತು? ಗಲ್ಲೆಯ ಎದುರು ಜಗಳವಾದೀತು. ಹೋಟೆಲಿನ ಬಿಲ್ಲಿಗೆ ಸರ್ವಿಸ್ ಚಾರ್ಜನ್ನು ತಾನಾಗಿ ಸೇರಿಸಬಾರದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಹೇಳಿತು. ಹೋಟೆಲು ಮಾಲಕರ ಸಂಘಟನೆಗಳು ಕೋರ್ಟಿಗೆ ಹೋದರೂ ದಿಲ್ಲಿ ಹೈಕೋರ್ಟು 2025ರ ಮಾರ್ಚ್ 28ರಂದು ಪ್ರಾಧಿಕಾರದ ಮಾತನ್ನೇ ಎತ್ತಿಹಿಡಿಯಿತು. ಊಟ ಮಾಡುವವನು ಕೇಳದ ಹಣವನ್ನು ಹೋಟೆಲು ಬರೆಯಕೂಡದು ಎಂದಾದರೆ, ಚಾಲಕ ಕೇಳದ ಕೆಲಸವನ್ನು ಡೀಲರು ಬರೆಯಬಹುದೆ?

ಬಿಲ್ಲಿನಲ್ಲಿ ‘ಲೇಬರ್’ ಎಂದೊಂದು ಸಾಲು ಉಂಟು. ಅದನ್ನು ಓದುವಾಗ ಗಾಡಿಯ ಅಡಿಯಲ್ಲಿ ಮಲಗಿ ನಟ್ಟು ಬಿಚ್ಚುವ ಹುಡುಗನ ಮೇಲೆ ಸಿಟ್ಟು ಮಾಡಬೇಡಿ. ಅವನು ತಿಂಗಳ ಪಗಾರದವನು, ನಮ್ಮಂತೆಯೇ. ಗಂಟೆಯ ಲೆಕ್ಕದಲ್ಲಿ ನಮ್ಮಿಂದ ವಸೂಲಾದ ಕೂಲಿ ಅವನ ಕೈಗೆ ಎಷ್ಟು ಬರುತ್ತದೆ ಎಂದು ಒಮ್ಮೆ ಚಹಾ ಕುಡಿಸಿ ಕೇಳಿ. ಕೂಲಿಯ ಹೆಸರಿನಲ್ಲಿ ನಮ್ಮನ್ನು ಸುಲಿದು, ಕೂಲಿಕಾರನಿಗೆ ಕೊಡದೆ ಉಳಿಸಿಕೊಳ್ಳುವ ಕೈ ಒಂದೇ. ಬಿಲ್ಲು ಬರೆಯುವ ಟೈ ಕಟ್ಟಿದವನೂ ಪೂರ್ತಿ ಸ್ವತಂತ್ರನಲ್ಲ. ‘ಇವತ್ತು ಸ್ಪೆಶಲ್ ಎಷ್ಟು ಹೋಯಿತು?’ ಎಂದು ನಮ್ಮ ಗಲ್ಲೆಯವನು ಕೇಳುವಂತೆ, ಅವನಿಗೂ ಮೇಲಿನಿಂದ ಕೇಳುವವರು ಇದ್ದಾರೆ.

ಇಷ್ಟೆಲ್ಲ ಗೊತ್ತಿದ್ದೂ ನಮ್ಮವರು ಏಕೆ ಅಲ್ಲಿಗೇ ಹೋಗುತ್ತಾರೆ? ಒಂದೇ ಮಾತಿನ ಹೆದರಿಕೆ: ‘ಹೊರಗೆ ಮಾಡಿಸಿದರೆ ವಾರಂಟಿ ಹೋಗುತ್ತದೆ.’

ಈ ಹೆದರಿಕೆ ಹಿಂದೆ ಇರಲಿಲ್ಲ. ಇದೇ ಲಾಲ್ ಬಹಾದೂರ್ ಶಾಸ್ತ್ರಿ ಮಾರ್ಗದಲ್ಲಿ, ಹಿರಿಯರು ಆಗ್ರಾ ರೋಡು ಎನ್ನುತ್ತಿದ್ದ ರಸ್ತೆಯಲ್ಲಿ, ವಿಕ್ರೋಳಿಗೆ ಸಮೀಪದ ಕುರ್ಲಾದಲ್ಲಿ ಪ್ರೀಮಿಯರ್ ಆಟೋಮೊಬೈಲ್ಸಿನ ಕಾರ್ಖಾನೆ ಇತ್ತು. ವಾಲ್ಚಂದ್ ಹೀರಾಚಂದರು 1944ರಲ್ಲಿ ಕಟ್ಟಿದ ಕಂಪೆನಿ. ಮೊದಲು ಫಿಯಾಟ್ ಎಂದೂ ಆಮೇಲೆ ಪದ್ಮಿನಿ ಎಂದೂ ಹೆಸರಾದ ಗಾಡಿ ಅಲ್ಲಿಂದ ಹೊರಟು ಮುಂಬಯಿಯ ಟ್ಯಾಕ್ಸಿಯಾಯಿತು. ಕಾರ್ಬ್ಯುರೇಟರು ಕಟ್ಟಿದರೆ ಚಾಲಕನೇ ಬಿಚ್ಚಿ ಊದುತ್ತಿದ್ದ. ದೊಡ್ಡ ಕೆಲಸವಿದ್ದರೆ ಗಲ್ಲಿಯ ಮಿಸ್ತ್ರಿ. ಬಿಡಿಭಾಗ ಬೇಕಿದ್ದರೆ ಕುರ್ಲಾದ ಸಿ.ಎಸ್.ಟಿ. ರೋಡು. ಆ ಗಾಡಿ ಹೊಗೆ ಉಗುಳುತ್ತಿತ್ತು, ಬೇಸಿಗೆಯಲ್ಲಿ ಕುದಿಯುತ್ತಿತ್ತು. ಅದನ್ನು ಹೊಗಳಿ ಅಳುವ ಪತ್ರಿಕೆಯವರ ಜೊತೆ ನಾವು ಸೇರುವುದಿಲ್ಲ. ಆದರೆ ಅದರ ಬೀಗದ ಕೈ ಚಾಲಕನ ಬಳಿ ಇತ್ತು. 2003ರ ಅಕ್ಟೋಬರಿನಲ್ಲಿ ನೋಂದಾದ ಕೊನೆಯ ಪದ್ಮಿನಿ ಟ್ಯಾಕ್ಸಿ ಇಪ್ಪತ್ತು ವರ್ಷದ ಅವಧಿ ಮುಗಿಸಿ 2023ರ ಅಕ್ಟೋಬರಿನಲ್ಲಿ ರಸ್ತೆ ಬಿಟ್ಟಿತು. ಈಗಿನ ಗಾಡಿಯ ಹೊಟ್ಟೆಯಲ್ಲಿ ಕಂಪ್ಯೂಟರು ಉಂಟು. ಹಳದಿ ದೀಪ ಹತ್ತಿದರೆ ಏಕೆ ಹತ್ತಿತೆಂದು ಓದುವ ಯಂತ್ರ ಬೇಕು. ಆ ಯಂತ್ರವನ್ನೂ, ಅಸಲಿ ಬಿಡಿಭಾಗವನ್ನೂ ಡೀಲರನ ಕೈಯಲ್ಲಷ್ಟೇ ಉಳಿಸಿದರೆ ಗಾಡಿ ನಮ್ಮದು, ಬೀಗದ ಕೈ ಅವರದು.

ಇದು ನಮ್ಮ ಬಾಯಿಯ ಮಾತಲ್ಲ. 2011ರಲ್ಲಿ ಒಬ್ಬ ಗ್ರಾಹಕ ಕೊಟ್ಟ ದೂರಿನ ಮೇಲೆ ತನಿಖೆ ನಡೆಸಿ, ಭಾರತದ ಸ್ಪರ್ಧಾ ಆಯೋಗ 2014ರ ಆಗಸ್ಟ್ 25ರಂದು 14 ಕಾರು ಕಂಪೆನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೆ ಮೇಲ್ಪಟ್ಟು ದಂಡ ಹಾಕಿತು. ಚಿಕ್ಕಪುಟ್ಟ ಕಂಪೆನಿಗಳಲ್ಲ; ಮಾರುತಿ, ಟಾಟಾ, ಮಹೀಂದ್ರ ಎಲ್ಲ ಅದರಲ್ಲಿ ಇದ್ದವು. ಬಿಡಿಭಾಗ, ಯಂತ್ರ, ತಿಳಿವಳಿಕೆ ಹೊರಗಿನ ಮಿಸ್ತ್ರಿಗೆ ಸಿಗದಂತೆ ಮಾಡಿ ಗಿರಾಕಿಯನ್ನು ಕಟ್ಟಿಹಾಕಿದ್ದು ತಪ್ಪು ಎಂದಿತು. ಹೊರಗೆ ಕೆಲಸ ಮಾಡಿಸಿದ ಮಾತ್ರಕ್ಕೆ ಇಡೀ ವಾರಂಟಿ ಹೋಯಿತು ಎನ್ನಬಾರದು. ಹೊರಗಿನವನ ತಪ್ಪು ಕೆಲಸದಿಂದ ಏನು ಕೆಟ್ಟಿತೋ ಅಷ್ಟಕ್ಕೆ ಮಾತ್ರ ವಾರಂಟಿ ನಿರಾಕರಿಸಬಹುದು ಎಂದಿತು. ಬಿಡಿಭಾಗಗಳ ಬೆಲೆ, ಸರ್ವಿಸಿನ ಖರ್ಚು, ವಾರಂಟಿಯ ಷರತ್ತು ಎಲ್ಲವನ್ನೂ ಜನರ ಮುಂದೆ ಇಡಿ ಎಂದಿತು. ಕಂಪೆನಿಗಳು ಮೇಲ್ಮನವಿಗೆ ಓಡಿದವು. 2016ರ ಡಿಸೆಂಬರಿನಲ್ಲಿ ಮೇಲ್ಮನವಿ ನ್ಯಾಯಮಂಡಳಿ ಮೂರು ಕಂಪೆನಿಗಳ ಮಟ್ಟಿಗೆ ದಂಡ ಇಳಿಸಿತು. ತಪ್ಪನ್ನು ಮಾತ್ರ ಅಳಿಸಲಿಲ್ಲ. 2022ರ ಡಿಸೆಂಬರ್ 24ರಂದು ಕೇಂದ್ರ ಸರಕಾರ ‘ರಿಪೇರಿಯ ಹಕ್ಕು’ ಎಂದು ಒಂದು ಜಾಲತಾಣವನ್ನೂ ತೆರೆಯಿತು, ಮೋಟಾರುಗಳೂ ಅದರಲ್ಲಿ ಸೇರಿವೆ. ಆದರೂ ಡೀಲರನ ಕೌಂಟರಿನಲ್ಲಿ ಅದೇ ಹಳೆಯ ಹಾಡು. ಏಕೆ? ಕೇಳುವವರಿಲ್ಲದ್ದರಿಂದ. ದೊಡ್ಡ ಕಾರಿನವನಿಗೆ ಆರು ಸಾವಿರ ಲೆಕ್ಕವಿಲ್ಲ. ನಮ್ಮವನಿಗೆ ಲೆಕ್ಕ ಉಂಟು, ಕೇಳುವ ಧೈರ್ಯ ಇಲ್ಲ.

ಗಲ್ಲಿಯ ಗ್ಯಾರೇಜಿನವರೂ ಹಿಗ್ಗಬೇಕಾಗಿಲ್ಲ. ಡ್ರಮ್ಮಿನಿಂದ ಹೆಸರಿಲ್ಲದ ಎಣ್ಣೆ ಸುರಿಯುವವರು, ನಕಲಿ ಫಿಲ್ಟರನ್ನು ಅಸಲಿಯ ಡಬ್ಬಿಯಲ್ಲಿಟ್ಟು ಕೊಡುವವರು ನಮ್ಮ ನಡುವೆಯೇ ಇದ್ದಾರೆ. ಬಿಲ್ಲು ಕೇಳಿದರೆ ‘ನಿಮಗೇಕೆ ಅಣ್ಣಾ ಬಿಲ್ಲು’ ಎನ್ನುತ್ತಾರೆ. ನಾಳೆ ವಾರಂಟಿಯ ವಾದ ಬಂದಾಗ ಯಾವ ಎಣ್ಣೆ, ಯಾವ ದಿನ, ಎಷ್ಟು ಕಿಲೋಮೀಟರಿಗೆ ಎಂದು ತೋರಿಸಲು ಆ ಬಿಲ್ಲು ಬೇಕೇ ಬೇಕು. ಬಿಲ್ಲು ಕೊಡದ ಮಿಸ್ತ್ರಿ ಡೀಲರನ ಏಜೆಂಟನೇ. ಅವನಿಂದ ಬೇಸತ್ತ ಗಿರಾಕಿ ಪುನಃ ಡೀಲರನ ಬಾಗಿಲಿಗೇ ಹೋಗುತ್ತಾನೆ. ಸಿ.ಎನ್.ಜಿ. ಸಿಲಿಂಡರಿನ ವಿಷಯದಲ್ಲಂತೂ ಕಾಸು ಉಳಿಸುವ ಮಾತೇ ಬೇಡ. ಮೂರು ವರ್ಷಕ್ಕೊಮ್ಮೆ ನೀರಿನ ಒತ್ತಡದ ಪರೀಕ್ಷೆ ಕಾನೂನು. ಅದು ಬೆನ್ನ ಹಿಂದೆ ಕೂತ ಬಾಂಬು, ಹಿಂದಿನ ಸೀಟಿನಲ್ಲಿ ಯಾರದೋ ಮಕ್ಕಳು ಇರುತ್ತಾರೆ.

ಸರಿ, ಮಾಡುವುದೇನು? ಗಾಡಿ ಒಳಗೆ ಬಿಡುವ ಮೊದಲು ಪುಸ್ತಕದ ಕೋಷ್ಟಕದ ಮೇಲೆ ಬೆರಳಿಟ್ಟು ‘ಇದಿಷ್ಟೇ’ ಎನ್ನಿ. ಜಾಬ್ ಕಾರ್ಡಿನಲ್ಲಿ ಅಂದಾಜು ಮೊತ್ತ ಬರೆಸಿ, ಅದಕ್ಕಿಂತ ಹೆಚ್ಚಿನ ಕೆಲಸಕ್ಕೆ ಫೋನ್ ಮಾಡಿ ಒಪ್ಪಿಗೆ ಪಡೆಯಬೇಕೆಂದು ಕೈಬರಹದಲ್ಲೇ ಬರೆದು ಸಹಿ ಹಾಕಿ. ಬದಲಿಸಿದ ಸಾಮಾನು ಹಳೆಯದು ವಾಪಸು ಬೇಕೆನ್ನಿ. 2025ರ ಸೆಪ್ಟೆಂಬರ್ 22ರಿಂದ ಬಿಡಿಭಾಗಗಳ ಮೇಲಿನ ಜಿ.ಎಸ್.ಟಿ. 28ರಿಂದ 18ಕ್ಕೆ ಇಳಿದಿದೆ. ಬಿಲ್ಲಿನಲ್ಲಿ ಇಳಿದಿದೆಯೇ ನೋಡಿ. ಇಷ್ಟಕ್ಕೂ ಬಗ್ಗದಿದ್ದರೆ 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ‘ಟ್ಯಾಕ್ಸಿ ವ್ಯಾಪಾರದ ಗಾಡಿ, ನೀನು ಗ್ರಾಹಕನಲ್ಲ’ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲೆಂದೇ ಕೊಂಡು ಬಳಸುವವನು ಗ್ರಾಹಕನೇ ಎಂದು 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಲ್ಲೇ ಬರೆದಿದೆ.

ಆದರೆ ಒಬ್ಬೊಬ್ಬರೇ ಕೌಂಟರಿನಲ್ಲಿ ನಿಂತು ವಾದಿಸಿದರೆ ಒಂದು ದಿನದ ದುಡಿಮೆ ಹೋದೀತು, ಅಷ್ಟೇ. ಮಂಗಳೂರಿನಿಂದ ಬರಿಗೈಯಲ್ಲಿ ಬಂದ ಜಾರ್ಜ್ ಫರ್ನಾಂಡಿಸರು ಈ ಊರಿನಲ್ಲಿ ಹೋಟೆಲಿನವರನ್ನೂ ಟ್ಯಾಕ್ಸಿಯವರನ್ನೂ ಒಂದೊಂದಾಗಿ ಅಲ್ಲ, ಒಟ್ಟಾಗಿ ನಿಲ್ಲಿಸಿದರು. 1968ರಲ್ಲಿ ಕಾರ್ಮಿಕರದೇ ಬ್ಯಾಂಕನ್ನೂ ಕಟ್ಟಿದರು. ಹೆಸರು ಬದಲಾಗಿ, ಆಡಳಿತ ಕೆಟ್ಟು, 2025ರಲ್ಲಿ ಆ ಬ್ಯಾಂಕು ಇನ್ನೊಂದರಲ್ಲಿ ಲೀನವಾಯಿತು ಎಂಬುದನ್ನೂ ಮರೆಯಬಾರದು. ಒಟ್ಟಾಗಿ ಕಟ್ಟಿದ್ದನ್ನು ಒಟ್ಟಾಗಿ ಕಾಯಲೂ ಬೇಕು. ನಾವು ಈಗ ಬ್ಯಾಂಕು ಕಟ್ಟಲು ಹೊರಟಿಲ್ಲ. ಮೂವತ್ತು ಗಾಡಿಯವರು ಸೇರಿ ಒಂದೇ ನಂಬರಿನ ಎಣ್ಣೆಯನ್ನು ಸೀಲು ಒಡೆಯದ ಡಬ್ಬಿಯಲ್ಲಿ ಸಗಟಿಗೆ ತಂದರೆ, ಬಿಲ್ಲು ಕೊಡುವ ಒಬ್ಬ ಮಿಸ್ತ್ರಿಯ ಜೊತೆ ದರ ಗೊತ್ತುಮಾಡಿಕೊಂಡರೆ, ಲೆಕ್ಕದ ಪುಸ್ತಕವನ್ನು ಯಾರು ಬೇಕಾದರೂ ಬಿಚ್ಚಿ ನೋಡುವಂತೆ ಮೇಜಿನ ಮೇಲಿಟ್ಟರೆ ಸಾಕು, ಆರಂಭಕ್ಕೆ.

ಮುಂದಿನ ಭಾನುವಾರ ಸಂಜೆ ವಿಕ್ರೋಳಿಯ ಗಾಡಿಯವರೆಲ್ಲ ಸಂಘದ ಕೋಣೆಗೆ ಬನ್ನಿ. ಎರಡು ವರ್ಷದ ಸರ್ವಿಸ್ ಬಿಲ್ಲುಗಳನ್ನೂ ಗಾಡಿಯ ಪುಸ್ತಕವನ್ನೂ ತನ್ನಿ. ಇಂಗ್ಲಿಷು ಬಲ್ಲ ಮಕ್ಕಳಿದ್ದರೆ ಜೊತೆಗೆ ಕರೆತನ್ನಿ. ಸರ್ವಿಸಿನ ಕೋಷ್ಟಕವನ್ನು ಕನ್ನಡದಲ್ಲಿ ದೊಡ್ಡ ಅಕ್ಷರದಲ್ಲಿ ಬರೆಯುವ ಕೆಲಸ ಅವರಿಗೆ ಉಂಟು. ಬರೆದದ್ದನ್ನು ಸ್ಟ್ಯಾಂಡಿನಲ್ಲಿ ತೂಗುಹಾಕುತ್ತೇವೆ. ಅದರ ಪಕ್ಕದಲ್ಲಿ ಯಾವ ಕೆಲಸಕ್ಕೆ ಎಲ್ಲಿ ಎಷ್ಟು ತೆಗೆದರು ಎಂಬ ಪಟ್ಟಿ, ನಿಮ್ಮ ಬಿಲ್ಲುಗಳಿಂದಲೇ ಹೆಕ್ಕಿದ್ದು. ಡೀಲರುಗಳೂ ಬಂದು ಓದಬಹುದು.